ಗುಜರಿಗೆ ಹೋದ ಕಾರಿಗೆ ಬೆಲೆ ಕಟ್ಟೋರು ಯಾರು? ಬೀದರ್‌ನಿಂದ ‘ಟೋಟಲ್ ಲಾಸ್’ ಚರಿತ್ರೆ

ಇವತ್ತಿನ ಸಂಚಿಕೆ ಒಂದು ಮಾತಿನ ಬಗ್ಗೆ. ‘ಟೋಟಲ್ ಲಾಸ್’. ಬೀದರ್‌ನ ಗ್ಯಾರೇಜ್‌ನಲ್ಲಿ, ಭಾಲ್ಕಿಯ ಇನ್ಶೂರೆನ್ಸ್ ಏಜೆಂಟ್ ಹತ್ರ, ಔರಾದ್‌ನ ಚಹಾ ಅಂಗಡಿಯಲ್ಲಿ ಈ ಮಾತು ಕೇಳಿರ್ತೀರಿ. ‘ಗಾಡಿ ಪೂರಾ ಹೋಗ್ಯಾದ್ರಿ, ರೊಕ್ಕ ಎಷ್ಟು ಬರ್ತದ?’ ಅಂತ ಒಬ್ಬರು ಕೇಳ್ತಾರೆ. ‘ಹಳೇ ಗಾಡಿ ಅದ, ಏನು ಬರ್ತದ, ಬಿಡ್ರಿ’ ಅಂತ ಇನ್ನೊಬ್ಬರು ಹೇಳ್ತಾರೆ.

ಆ ಎರಡನೇ ಮಾತು ಪೂರ್ತಿ ನಿಜ ಅಲ್ಲ. ಆದ್ರೆ ಅದು ಹುಟ್ಟಿಕೊಳ್ಳೋಕೆ ಕಾರಣ ಇದೆ, ಅದಕ್ಕೊಂದು ಚರಿತ್ರೆಯೂ ಇದೆ. ಹಳೇ ಕಾರಿಗೆ ಬೆಲೆ ಕಟ್ಟೋ ಅಧಿಕಾರ ಕಳೆದ ಎಂಬತ್ತು ವರ್ಷದಲ್ಲಿ ಯಾರ ಕೈಯಿಂದ ಯಾರ ಕೈಗೆ ಹೋಯ್ತು ಅನ್ನೋದೇ ಇವತ್ತಿನ ಕಥೆ.

ಸಮುದ್ರದಿಂದ ಬಂದ ಮಾತು

ಬೀದರ್‌ಗೆ ಸಮುದ್ರ ಇಲ್ಲ. ನಮ್ಮಲ್ಲಿರೋದು ಮಾಂಜ್ರಾ ನದಿ, ಕಾರಂಜಾ ಜಲಾಶಯ. ಆದ್ರೂ ನಮ್ಮ ಕಾರಿನ ಪಾಲಿಸಿ ಒಳಗಿರೋ ಮುಖ್ಯ ಮಾತೊಂದು ಹಡಗಿನಿಂದ ಬಂದಿದೆ. 17ನೇ ಶತಮಾನದ ಕೊನೆಗೆ ಲಂಡನ್‌ನಲ್ಲಿ ಎಡ್ವರ್ಡ್ ಲಾಯ್ಡ್ ಅನ್ನೋರ ಕಾಫಿ ಅಂಗಡಿಯಲ್ಲಿ ಹಡಗಿನ ವ್ಯಾಪಾರಿಗಳು ಸೇರ್ತಿದ್ರು. ಮುಂದೆ ಲಾಯ್ಡ್ಸ್ ಅನ್ನೋ ದೊಡ್ಡ ವಿಮಾ ಮಾರುಕಟ್ಟೆ ಬೆಳೆದಿದ್ದು ಅಲ್ಲಿಂದ.

ಅವರ ಮುಂದೆ ಒಂದು ಪ್ರಶ್ನೆ ಇತ್ತು. ಹಡಗು ಮುಳುಗಿಲ್ಲ, ಬಂಡೆಗೆ ಸಿಕ್ಕಿಹಾಕ್ಕೊಂಡಿದೆ. ಎಳೆದು ತಂದು ರಿಪೇರಿ ಮಾಡಬಹುದು. ಆದ್ರೆ ಅದರ ಖರ್ಚು ಹಡಗಿನ ಬೆಲೆಗಿಂತ ಜಾಸ್ತಿ. ಆಗೇನು ಮಾಡೋದು? ಅವರು ಕಂಡುಕೊಂಡ ದಾರಿ ಇದು: ಹಡಗು ಕಣ್ಣ ಮುಂದೆ ಇದ್ರೂ ಅದನ್ನ ‘ಪೂರ್ತಿ ಹೋದಂತೆಯೇ’ ಲೆಕ್ಕ ಹಾಕೋದು. ಮಾಲೀಕ ಹಡಗನ್ನ ವಿಮಾದಾರನಿಗೆ ಬಿಟ್ಟುಕೊಡ್ತಾನೆ, ಪೂರ್ತಿ ಹಣ ತಗೊಳ್ತಾನೆ. ಇದಕ್ಕೆ ‘ಕನ್ಸ್ಟ್ರಕ್ಟಿವ್ ಟೋಟಲ್ ಲಾಸ್’ ಅಂತ ಹೆಸರು. ಬ್ರಿಟನ್‌ನ 1906ರ ಸಾಗರ ವಿಮಾ ಕಾಯ್ದೆಯಲ್ಲಿ ಇದು ಬರಹಕ್ಕೆ ಬಂತು. ಭಾರತದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಇದೆ. ಹುಮನಾಬಾದ್ ಹತ್ತಿರ ಹೈವೇಯಲ್ಲಿ ನುಜ್ಜುಗುಜ್ಜಾದ ಕಾರಿಗೂ ಇವತ್ತು ಅದೇ ಲೆಕ್ಕ.

ನಿಜಾಮರ ಬಸ್ಸು, ಬ್ರಿಟಿಷರ ಕಾನೂನು

1948ರವರೆಗೆ ಬೀದರ್ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಗ ಇಲ್ಲಿ ಸ್ವಂತ ಕಾರು ಅನ್ನೋದು ಅಧಿಕಾರಿಗಳದ್ದು, ಜಹಗೀರುದಾರರದ್ದು. ಉಳಿದವರಿಗೆ ಎತ್ತಿನ ಬಂಡಿ, ರೈಲು, ಆಮೇಲೆ ಬಸ್ಸು. ನಿಜಾಮರ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತ್ತು.

ಅತ್ತ ಬ್ರಿಟನ್‌ನಲ್ಲಿ 1930ರ ಕಾಯ್ದೆ, ಗಾಡಿ ಓಡಿಸೋರಿಗೆ ವಿಮೆ ಕಡ್ಡಾಯ ಮಾಡಿತು. ಅದನ್ನ ನೋಡಿ ಬ್ರಿಟಿಷ್ ಇಂಡಿಯಾದಲ್ಲಿ 1939ರ ಮೋಟಾರು ವಾಹನ ಕಾಯ್ದೆ ಬಂತು. ಅದರ ಕಡ್ಡಾಯ ವಿಮೆಯ ಅಧ್ಯಾಯ ಜಾರಿ ಆಗಿದ್ದು 1946ರ ಜುಲೈ 1ಕ್ಕೆ.

ಇಲ್ಲಿ ಒಂದು ವಿಷಯ ಗಮನಿಸಿ. ಕಾನೂನು ಕಡ್ಡಾಯ ಮಾಡಿದ್ದು ‘ಥರ್ಡ್ ಪಾರ್ಟಿ’ ವಿಮೆಯನ್ನ ಮಾತ್ರ. ಅಂದ್ರೆ ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗೋ ನಷ್ಟಕ್ಕೆ. ನಿಮ್ಮದೇ ಕಾರಿಗೆ ಆಗೋ ನಷ್ಟ ನಿಮ್ಮ ಇಷ್ಟಕ್ಕೆ ಬಿಟ್ಟಿದ್ದು. 1946ರ ಆ ಗೆರೆ ಇವತ್ತೂ ಅಲ್ಲೇ ಇದೆ. ಪ್ರೀಮಿಯಂ ಉಳಿಸೋಕೆ ಹಳೇ ಕಾರಿಗೆ ಬರೀ ಥರ್ಡ್ ಪಾರ್ಟಿ ಕಟ್ಟಿದವರಿಗೆ, ಕಾರು ಪೂರಾ ಹೋದ್ರೂ ಅವರ ಕಂಪನಿಯಿಂದ ಕಾರಿನ ಲೆಕ್ಕಕ್ಕೆ ಒಂದು ರೂಪಾಯಿಯೂ ಬರೋದಿಲ್ಲ. ತಪ್ಪು ಎದುರಿನ ಗಾಡಿಯದ್ದಾದ್ರೆ ಆ ಗಾಡಿಯ ವಿಮಾ ಕಂಪನಿ ಮೇಲೆ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. 2022ರ ಏಪ್ರಿಲ್‌ನಿಂದ ಅದಕ್ಕೆ ಆರು ತಿಂಗಳ ಗಡುವು ಬಂದಿದೆ.

ಮಿಸ್ತ್ರಿ ಕಾಲ

1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಹಳೇ ಬೀದರ್ ಜಿಲ್ಲೆಯ ಉದಗೀರ್ ಅತ್ತ ಹೋಯ್ತು, ಜಹೀರಾಬಾದ್ ಇತ್ತ ಹೋಯ್ತು. ರಸ್ತೆ ಮಾತ್ರ ಮೂರೂ ಕಡೆ ಹಾಗೇ ಉಳೀತು.

ಆ ಕಾಲದಲ್ಲಿ ಕಾರು ಅಂದ್ರೆ ಅಂಬಾಸಿಡರ್, ಇಲ್ಲಾ ಫಿಯಟ್. ಹೊಸದು ಬೇಕಂದ್ರೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ಹಳೇ ಕಾರಿಗೂ ಒಳ್ಳೇ ಬೆಲೆ. ಬಾನೆಟ್ ಬಗ್ಗಿದ್ರೆ ಮಿಸ್ತ್ರಿ ಸುತ್ತಿಗೆ ಹಿಡಿದು ಸರಿ ಮಾಡ್ತಿದ್ದ. ಕೂಲಿ ಕಡಿಮೆ, ಕಾರಿನ ಬೆಲೆ ಜಾಸ್ತಿ. ಈ ಲೆಕ್ಕದಲ್ಲಿ ಕಾರು ‘ಟೋಟಲ್’ ಆಗೋದು ಅಪರೂಪ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. 1991ರ ನಂತರ ಕಂಪನಿಗಳ ಸಾಲೇ ಬಂತು. ಹೊಸ ಕಾರು ಸಲೀಸಾಗಿ ಸಿಗೋಕೆ ಶುರುವಾದ ಮೇಲೆ ಹಳೇದರ ಬೆಲೆ ಇಳೀತು. ತಗಡು ಬಡಿಯೋ ಬದಲು ಇಡೀ ಬಂಪರ್, ಇಡೀ ಹೆಡ್‌ಲೈಟ್ ಬದಲಾಯಿಸೋ ಕಾಲ ಬಂತು. ಕಾರಿನ ಬೆಲೆ ಕೆಳಗೆ, ರಿಪೇರಿ ಖರ್ಚು ಮೇಲೆ. ಎರಡೂ ಗೆರೆ ಎಲ್ಲಿ ಕೂಡ್ತವೋ ಅಲ್ಲಿ ‘ಟೋಟಲ್ ಲಾಸ್’. ಹಳೇ ಕಾರು ಆ ಜಾಗಕ್ಕೆ ಬೇಗ ಬರುತ್ತೆ.

107 ಕಂಪನಿ, ಒಂದೇ ಪುಸ್ತಕ

1971ರ ಮೇನಲ್ಲಿ ಸರ್ಕಾರ ಜನರಲ್ ಇನ್ಶೂರೆನ್ಸ್ ಕಂಪನಿಗಳ ಆಡಳಿತವನ್ನ ಕೈಗೆ ತಗೊಂಡಿತು. 1972ರ ಕಾಯ್ದೆ ಬಂತು. 1973ರ ಜನವರಿ 1ರಿಂದ 107 ಕಂಪನಿಗಳು ಸೇರಿ ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. ನಾಲ್ಕು ಹೆಸರು ಇದ್ರೂ ದರ ಒಂದೇ. ಯಾಕಂದ್ರೆ ಎಲ್ಲರೂ ‘ಟ್ಯಾರಿಫ್’ ಅನ್ನೋ ಒಂದೇ ಪುಸ್ತಕ ನೋಡಿ ಪಾಲಿಸಿ ಬರೀಬೇಕಿತ್ತು.

ಆಗಿನ ಪಾಲಿಸಿಯಲ್ಲಿ ಒಂದು ತೊಡಕಿತ್ತು. ಕಾರಿನ ಬೆಲೆ ಇಷ್ಟು ಅಂತ ಮಾಲೀಕರು ‘ಅಂದಾಜು’ ಬರೆಸ್ತಿದ್ರು. ಪ್ರೀಮಿಯಂ ಆ ಅಂದಾಜಿನ ಮೇಲೆ. ಕಾರು ಹೋದಾಗ ಮಾತ್ರ ಕಂಪನಿ ಕೇಳ್ತಿದ್ದ ಪ್ರಶ್ನೆ ಬೇರೆ: ‘ಅಪಘಾತದ ದಿನ ಮಾರ್ಕೆಟ್‌ನಲ್ಲಿ ಇದರ ಬೆಲೆ ಎಷ್ಟು?’ ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಕೊಡ್ತಿದ್ರು. ಅಂದ್ರೆ ಮೂರು ಲಕ್ಷಕ್ಕೆ ಪ್ರೀಮಿಯಂ ಕಟ್ಟಿ, ಎರಡು ಲಕ್ಷ ತಗೊಂಡು ಮನೆಗೆ ಬರೋದು. ‘ಹಳೇ ಗಾಡಿ ಅದ, ಏನು ಬರ್ತದ’ ಅನ್ನೋ ಮಾತು ಗಟ್ಟಿ ಆಗಿದ್ದು ಇಂಥ ಅನುಭವಗಳಿಂದ.

2002: ಐಡಿವಿ ಬಂತು

2002ರಲ್ಲಿ ಹೊಸ ಮೋಟಾರ್ ಟ್ಯಾರಿಫ್ ಬಂದಾಗ ಈ ಜಗಳಕ್ಕೆ ಒಂದು ಮದ್ದು ಹುಡುಕಿದ್ರು. ಅದೇ ಐಡಿವಿ. ಪಾಲಿಸಿ ಶುರುವಾಗೋ ದಿನವೇ ಎರಡೂ ಕಡೆಯವರು ಒಪ್ಪೋ ಬೆಲೆ ಅದು. ಕಂಪನಿಯ ಪಟ್ಟಿ ಬೆಲೆಯಿಂದ ವಯಸ್ಸಿನ ಪ್ರಕಾರ ಕಳೀತಾರೆ: ಆರು ತಿಂಗಳೊಳಗೆ 5 ಶೇಕಡಾ, ಒಂದು ವರ್ಷದೊಳಗೆ 15, ಎರಡು ವರ್ಷದೊಳಗೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50.

ಇದಕ್ಕಿಂತ ದೊಡ್ಡ ಮಾತು ಇನ್ನೊಂದಿತ್ತು. ಕಾರು ಪೂರ್ತಿ ಹೋದ್ರೆ ಆ ಐಡಿವಿಯನ್ನೇ ಮಾರುಕಟ್ಟೆ ಬೆಲೆ ಅಂತ ಇಡೀ ವರ್ಷ ತಿಳ್ಕೋಬೇಕು, ಮತ್ತೆ ಸವಕಳಿ ಅಂತ ಕಳೆಯೋ ಹಾಗಿಲ್ಲ. ಹನ್ನೊಂದನೇ ತಿಂಗಳಲ್ಲಿ ಕಾರು ಹೋದ್ರೂ ಮೊದಲ ದಿನ ಬರೆದ ಬೆಲೆಯೇ ಲೆಕ್ಕ.

ಐದು ವರ್ಷ ದಾಟಿದ ಕಾರಿಗೆ ಏನು? ಅಲ್ಲಿ ಪಟ್ಟಿ ನಿಲ್ಲುತ್ತೆ. ‘ಪರಸ್ಪರ ಒಪ್ಪಿಗೆ’ ಮೇಲೆ ಬೆಲೆ ಅಂತ ಬರೆದು ಬಿಟ್ರು. 2007ರ ಜನವರಿ 1ರಿಂದ ಸ್ವಂತ ಗಾಡಿ ನಷ್ಟದ ಪ್ರೀಮಿಯಂ ದರ ಕಂಪನಿಗಳ ಕೈಗೆ ಹೋಯ್ತು. ಆದ್ರೆ ಈ ಒಪ್ಪಿಗೆಯ ನಿಯಮ ಹಾಗೇ ಉಳೀತು. ಇವತ್ತು ಆ ಒಪ್ಪಿಗೆ ಎಲ್ಲಿ ನಡೀತಿದೆ ಗೊತ್ತಾ? ನಿಮ್ಮ ಮೊಬೈಲ್‌ನಲ್ಲಿ. ಆನ್‌ಲೈನ್‌ನಲ್ಲಿ ಪಾಲಿಸಿ ತಗೊಳ್ಳೋವಾಗ ಬೆರಳಿಂದ ಆ ಕಡೆ ಈ ಕಡೆ ಎಳೆಯೋ ಒಂದು ಗೆರೆ ಬರುತ್ತಲ್ಲ, ಅದೇ. ಎಡಕ್ಕೆ ಎಳೆದ್ರೆ ಪ್ರೀಮಿಯಂ ಕೆಲವು ನೂರು ರೂಪಾಯಿ ಕಡಿಮೆ ಆಗುತ್ತೆ. ಅದರ ಜೊತೆಗೆ ಕಾರು ಹೋದ ದಿನ ಬರೋ ಹಣ ಹತ್ತಾರು ಸಾವಿರ ಕಡಿಮೆ ಆಗುತ್ತೆ.

75 ಶೇಕಡಾದ ಗೆರೆ

ಹಾಗಾದ್ರೆ ಕಾರು ‘ಟೋಟಲ್’ ಅಂತ ಯಾವಾಗ ಹೇಳ್ತಾರೆ? ಎಳೆದು ತರೋ ಖರ್ಚು, ರಿಪೇರಿ ಖರ್ಚು ಸೇರಿ ಐಡಿವಿಯ 75 ಶೇಕಡಾ ದಾಟಿದ್ರೆ. ಕೇಳೋಕೆ ಸುಲಭ. ಆದ್ರೆ ನಿಯಮದ ಮಧ್ಯೆ ಒಂದು ತುಣುಕಿದೆ: ‘ಪಾಲಿಸಿಯ ಷರತ್ತುಗಳಿಗೆ ಒಳಪಟ್ಟು’. ಹಳೇ ಕಾರಿನವರು ಎಡವೋದು ಇಲ್ಲೇ.

ಒಂದು ಲೆಕ್ಕ ಹಾಕೋಣ. ಇದು ಬರೀ ಉದಾಹರಣೆ. ಹತ್ತು ವರ್ಷ ದಾಟಿದ ಒಂದು ಚಿಕ್ಕ ಕಾರು. ಐಡಿವಿ 1,80,000. ಅದರ 75 ಶೇಕಡಾ ಅಂದ್ರೆ 1,35,000. ಗ್ಯಾರೇಜ್ ಕೊಟ್ಟ ಎಸ್ಟಿಮೇಟ್ 1,60,000: ತಗಡು, ಕಬ್ಬಿಣದ ಭಾಗ 60,000, ಪ್ಲಾಸ್ಟಿಕ್, ರಬ್ಬರ್ 40,000, ಗ್ಲಾಸ್ 10,000, ಕೂಲಿ 50,000.

ನೇರ ಲೆಕ್ಕ ಹಾಕಿದ್ರೆ 1,60,000 ಅನ್ನೋದು 1,35,000 ದಾಟಿದೆ. ಅಂದ್ರೆ ಟೋಟಲ್ ಲಾಸ್. ಚಿಕ್ಕ ಇಂಜಿನ್ ಕಾರಿಗೆ ಕಡ್ಡಾಯವಾಗಿ ಕಳೆಯೋ 1,000 ಬಿಟ್ಟು 1,79,000 ಬರಬೇಕು. ಮುರಿದ ಗಾಡಿ ಕಂಪನಿಗೆ.

ಇನ್ನೊಂದು ಲೆಕ್ಕ ನೋಡಿ. ರಿಪೇರಿ ಕ್ಲೇಮ್‌ನಲ್ಲಿ ಭಾಗಗಳ ಮೇಲೆ ಸವಕಳಿ ಕಳೀತಾರೆ. ಪ್ಲಾಸ್ಟಿಕ್, ರಬ್ಬರ್‌ಗೆ 50 ಶೇಕಡಾ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಕ್ಕೂ 50 ಶೇಕಡಾ. ಗ್ಲಾಸ್‌ಗೆ ಇಲ್ಲ. ಈಗ ಕಂಪನಿ ಕೊಡಬೇಕಾದ್ದು 30,000, 20,000, 10,000, 50,000, ಒಟ್ಟು 1,10,000. ಇದು 1,35,000ಕ್ಕಿಂತ ಕೆಳಗೆ. ‘ನಿಮ್ಮ ಕಾರು ಟೋಟಲ್ ಆಗಿಲ್ಲ, ರಿಪೇರಿ ಮಾಡಿಸಿ’ ಅನ್ನೋ ಉತ್ತರ ಬರುತ್ತೆ. 1,000 ಕಳೆದು 1,09,000 ಬರುತ್ತೆ, ಉಳಿದ 51,000 ನಿಮ್ಮ ಜೇಬಿಂದ. ಸವಕಳಿ ಕಳೆಯದ ‘ಝೀರೋ ಡೆಪ್’ ಕವರ್ ಹಳೇ ಕಾರಿಗೆ ಸಾಮಾನ್ಯವಾಗಿ ಸಿಗೋದಿಲ್ಲ.

ಕಾರು ಅದೇ, ಪೆಟ್ಟು ಅದೇ, ಪಾಲಿಸಿನೂ ಅದೇ. ವ್ಯತ್ಯಾಸ ಇರೋದು ಸವಕಳಿಯನ್ನ ಯಾವ ಹಂತದಲ್ಲಿ ಕಳೀತಾರೆ ಅನ್ನೋದರಲ್ಲಿ. ಹಾಗಾಗಿ ಕಂಪನಿಯಿಂದ ಪತ್ರ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ: ‘75 ಶೇಕಡಾ ಲೆಕ್ಕವನ್ನ ಒಟ್ಟು ಎಸ್ಟಿಮೇಟ್ ಮೇಲೆ ಹಾಕಿದ್ದೀರೋ, ಸವಕಳಿ ಕಳೆದ ಮೇಲೆ ಹಾಕಿದ್ದೀರೋ? ಬರವಣಿಗೆಯಲ್ಲಿ ಕೊಡಿ.’

ಮೂರನೇ ದಾರಿಯೂ ಉಂಟು. ಮುರಿದ ಗಾಡಿ ನೀವೇ ಇಟ್ಕೊಳ್ಳಿ, ಗುಜರಿ ಬೆಲೆ ಕಳೆದು ಉಳಿದದ್ದು ಕೊಡ್ತೀವಿ ಅಂತಾರೆ. ಗುಜರಿಯವ 60,000 ಅಂದ್ರೆ ನಿಮಗೆ 1,19,000. ಆ 60,000ಕ್ಕೆ ನಿಜವಾಗಿ ಕೊಳ್ಳೋರು ಇದ್ದಾರಾ ಅಂತ ನೋಡಿ ಒಪ್ಪಿ. ಕಾಗದದ ಮೇಲಿನ ಗುಜರಿ ಬೆಲೆ ಜಾಸ್ತಿ ಆದಷ್ಟೂ ನಿಮ್ಮ ಚೆಕ್ ಸಣ್ಣದಾಗುತ್ತೆ. ಇನ್ನೊಂದು ಮಾತು, ಕಾರಿನ ಮೇಲೆ ಸಾಲ ಇದ್ರೆ ಹಣ ಮೊದಲು ಹೋಗೋದು ಸಾಲ ಕೊಟ್ಟವರಿಗೆ.

ಕೋರ್ಟ್ ಏನು ಹೇಳ್ತು

2008ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಒಂದು ಟಾಟಾ ಸುಮೋ ಪ್ರಕರಣ ಬಂತು. ಎದುರು ಪಕ್ಷ ಓರಿಯಂಟಲ್ ಇನ್ಶೂರೆನ್ಸ್. ಪಾಲಿಸಿ ಮಾಡಿಸುವಾಗ ಒಪ್ಪಿದ್ದ ಬೆಲೆ ಒಂದು, ಗಾಡಿ ಹೋದ ಮೇಲೆ ಹೇಳಿದ ಬೆಲೆ ಅದಕ್ಕಿಂತ ತುಂಬಾ ಕಡಿಮೆ. ಕೋರ್ಟ್ ಇದನ್ನ ಒಪ್ಪಲಿಲ್ಲ. ಪ್ರೀಮಿಯಂ ತಗೊಳ್ಳುವಾಗ ಒಂದು ಬೆಲೆ ಒಪ್ಪಿ, ಕೊಡೋವಾಗ ಅದನ್ನೇ ಅಲ್ಲಗಳೆಯೋದು ಸರಿಯಲ್ಲ ಅಂತ ಕಟುವಾಗಿ ಹೇಳಿ, ಒಪ್ಪಿದ್ದ ಬೆಲೆಯಲ್ಲಿ ಅಲ್ಪ ಸವಕಳಿ ಮಾತ್ರ ಕಳೆದು ಕೊಡಿಸಿತು.

2009ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್‌ನ ಒಂದು ಪ್ರಕರಣದಲ್ಲಿ ಇನ್ನೊಂದು ಮಾತು ಬಂತು. ಸರ್ವೇಯರ್ ವರದಿ ಮುಖ್ಯ, ಆದ್ರೆ ಅದೇ ಕೊನೇ ಮಾತಲ್ಲ. ನಮ್ಮ ಕಡೆ ಸರ್ವೇಯರ್ ಬಂದು ಫೋಟೋ ತೆಗೆದು ಹೋದ್ರೆ ‘ಸಾಹೇಬ್ರು ಬರೆದಿದ್ದೇ ಬರೆದಿದ್ದು’ ಅಂತ ಸುಮ್ಮನಾಗೋ ರೂಢಿ ಇದೆ. ಹಾಗೇನಿಲ್ಲ. ವರದಿಯ ಪ್ರತಿ ಕೇಳಿ, ನಿಮ್ಮ ಎಸ್ಟಿಮೇಟ್, ಬಿಲ್ಲು, ಫೋಟೋ ಮುಂದಿಟ್ಟು ಪ್ರಶ್ನಿಸಬಹುದು.

ಎರಡು ತೀರ್ಪು ಮಾಲೀಕರಿಗೆ ಎಚ್ಚರಿಕೆಯೂ ಹೌದು. ಒಂದು 1995ರದ್ದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡಾಗ ಥರ್ಡ್ ಪಾರ್ಟಿ ವಿಮೆ ತಾನಾಗಿ ಹೊಸ ಮಾಲೀಕರಿಗೆ ಬರುತ್ತೆ, ಆದ್ರೆ ಸ್ವಂತ ಗಾಡಿ ನಷ್ಟದ ವಿಮೆ ತಾನಾಗಿ ಬರೋದಿಲ್ಲ. ಮೂರು ರಾಜ್ಯ ಕೂಡೋ ಔರಾದ್, ಭಾಲ್ಕಿ ಕಡೆ ಇದು ಬಹಳ ಮುಖ್ಯ. ಇಲ್ಲಿ ರಸ್ತೆ ಮೇಲೆ ಕೆಎ 38, ಕೆಎ 39 ಜೊತೆಗೆ ನಾಂದೇಡ್‌ನ ಎಂಎಚ್ 26, ಲಾತೂರ್‌ನ ಎಂಎಚ್ 24, ಹೈದರಾಬಾದ್ ಕಡೆಯ ನಂಬರು ಎಲ್ಲಾ ಓಡಾಡ್ತವೆ. ಕಾರು ತಂದು, ಆರ್‌ಸಿ, ಪಾಲಿಸಿ ಹಳೇ ಹೆಸರಲ್ಲೇ ಬಿಟ್ಟು ಓಡಿಸಿದ್ರೆ, ಗಾಡಿ ಹೋದ ದಿನ ನಿಮ್ಮ ಹೆಸರು ಯಾವ ಕಾಗದದಲ್ಲೂ ಇರೋದಿಲ್ಲ. ಹದಿನಾಲ್ಕು ದಿನದೊಳಗೆ ವಿಮಾ ಕಂಪನಿಗೆ ತಿಳಿಸಿ ಹೆಸರು ಬದಲಾಯಿಸಬೇಕು. ಮಾರಿದವರ ನೋ ಕ್ಲೇಮ್ ಬೋನಸ್ ಕೂಡ ಕಾರಿನ ಜೊತೆ ಬರೋದಿಲ್ಲ, ಅದು ಮನುಷ್ಯನದ್ದು.

ಇನ್ನೊಂದು 2010ರದ್ದು. ಖಾಸಗಿ ಕಾರನ್ನ ಬಾಡಿಗೆಗೆ ಓಡಿಸಿದ್ರು ಅಂತ ಕಂಪನಿ ಕ್ಲೇಮನ್ನ ಪೂರ್ತಿ ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ ಪೂರ್ತಿ ತಳ್ಳೋದು ಸರಿಯಲ್ಲ, ಒಪ್ಪುವಂಥ ಮೊತ್ತದ 75 ಶೇಕಡಾವರೆಗೆ ಕೊಡಬಹುದು ಅಂತು. ಬಿಳಿ ಬೋರ್ಡ್ ಗಾಡಿಯಲ್ಲಿ ಮದುವೆ ಬಾಡಿಗೆ ಹೊಡೆಯೋರು ಇದರ ಎರಡೂ ಮುಖ ನೆನಪಿಡಿ: ಎಲ್ಲಾ ಹೋಗೋದಿಲ್ಲ, ಎಲ್ಲಾ ಸಿಗೋದೂ ಇಲ್ಲ.

ಮುರಿದ ಗಾಡಿಯ ಎರಡನೇ ಜನ್ಮ

ಹಡಗಿನ ಕಾಲದಲ್ಲಿ ಒಡೆದ ಹಡಗು ವಿಮಾದಾರನಿಗೆ ಹೋಗ್ತಿತ್ತು. ಕಾರಿನ ಕಥೆ ಅಲ್ಲಿಗೆ ಮುಗಿಯೋದಿಲ್ಲ. ಗುಜರಿಯವರಿಗೆ ಗಾಡಿ ಜೊತೆ ಆರ್‌ಸಿಯನ್ನೂ ಕೊಟ್ಟುಬಿಡ್ತಾರೆ ಜನ. ಆ ಚಾಸಿಸ್ ನಂಬರು, ಆ ಆರ್‌ಸಿ ಕದ್ದ ಗಾಡಿಗೆ ಮುಖವಾಡ ಆಗಬಹುದು. ಇಲ್ಲಾ ಅದೇ ಗಾಡಿ ರಿಪೇರಿ ಆಗಿ ಮತ್ತೆ ರಸ್ತೆಗೆ ಬಂದು ಯಾರಿಗಾದ್ರೂ ಡಿಕ್ಕಿ ಹೊಡೀಬಹುದು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆ ಅವರದ್ದೇ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಗಾಡಿ ಶಾಶ್ವತವಾಗಿ ಹಾಳಾದ್ರೆ ಹದಿನಾಲ್ಕು ದಿನದೊಳಗೆ, ಇಲ್ಲಾ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಿ ಆರ್‌ಸಿ ರದ್ದು ಮಾಡಿಸಬೇಕು. ಬೀದರ್‌ನಲ್ಲೂ ಭಾಲ್ಕಿಯಲ್ಲೂ ಆರ್‌ಟಿಒ ಇದೆ. ಗಾಡಿಯನ್ನ ರಿಪೇರಿಗಂತಲೇ ಕೊಳ್ಳೋರಿಗೆ ಕೊಡ್ತೀರಿ ಅಂದ್ರೆ ಹೆಸರು ಬದಲಾವಣೆ ಆದ ಮೇಲೆ ಕೊಡಿ.

ದೂರು ಎಲ್ಲಿಗೆ?

ಹಿಂದೆ ಇದೇ ದೊಡ್ಡ ತಲೆನೋವು. 1986ರಲ್ಲಿ ಗ್ರಾಹಕ ರಕ್ಷಣಾ ಕಾಯ್ದೆ ಬರೋವರೆಗೆ ಸಿವಿಲ್ ಕೋರ್ಟ್ ಮೆಟ್ಟಿಲು ಹತ್ತಬೇಕಿತ್ತು. ಒಂದೂವರೆ ಲಕ್ಷದ ಕಾರಿಗೆ ಅಷ್ಟು ವರ್ಷ ಯಾರು ಅಲೀತಾರೆ? 1998ರಲ್ಲಿ ವಿಮಾ ಓಂಬುಡ್ಸ್‌ಮನ್ ವ್ಯವಸ್ಥೆ ಬಂತು. ಮೊದಲು ಕರ್ನಾಟಕದ ದೂರುಗಳೂ ಹೈದರಾಬಾದ್ ಕಚೇರಿಗೆ ಹೋಗ್ತಿದ್ವು. ಬೀದರ್‌ನವರಿಗೆ ಅದು ಸುಮಾರು 140 ಕಿಲೋಮೀಟರ್. ಆಮೇಲೆ ಕಚೇರಿ ಬೆಂಗಳೂರಲ್ಲಿ ಆಯ್ತು, ಸುಮಾರು 700 ಕಿಲೋಮೀಟರ್. ಅದೃಷ್ಟಕ್ಕೆ ಈಗ ದೂರು ಆನ್‌ಲೈನ್‌ನಲ್ಲೇ ಕೊಡಬಹುದು, ವಿಚಾರಣೆ ವಿಡಿಯೋದಲ್ಲೂ ನಡೆಯುತ್ತೆ.

ಕ್ರಮ ಹೀಗೆ. ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ರೆ, ಇಲ್ಲಾ ಉತ್ತರ ಸಮಾಧಾನ ತರದಿದ್ರೆ, ಒಂದು ವರ್ಷದೊಳಗೆ ಓಂಬುಡ್ಸ್‌ಮನ್. ಶುಲ್ಕ ಇಲ್ಲ, ವಕೀಲರೂ ಬೇಡ. ಇಲ್ಲಾ ಬೀದರ್‌ನ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರೋ ಜಿಲ್ಲೆಯಲ್ಲೇ ದೂರು ಹಾಕಬಹುದು. ಪಾಲಿಸಿ ಹೈದರಾಬಾದ್‌ನಲ್ಲಿ ತಗೊಂಡಿದ್ರೂ ಔರಾದ್‌ನವರು ಬೀದರ್‌ಗೇ ಬಂದ್ರೆ ಸಾಕು. ಗಡುವು ಎರಡು ವರ್ಷ.

ಸಮಯದ ಲೆಕ್ಕವೂ ಬದಲಾಗಿದೆ. 2024ರ ಜೂನ್‌ನ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಲೇಮ್ ತಿಳಿಸಿದ 24 ಗಂಟೆಯೊಳಗೆ ಸರ್ವೇಯರ್ ನೇಮಕ, 15 ದಿನದೊಳಗೆ ವರದಿ, ವರದಿ ಸಿಕ್ಕ 7 ದಿನದೊಳಗೆ ತೀರ್ಮಾನ. ದಿನಾಂಕ ಬರೆದಿಟ್ಕೊಳ್ಳಿ. ಫೋನ್‌ನಲ್ಲಿ ‘ಆಗ್ತದ್ರಿ, ಆಗ್ತದ್ರಿ’ ಅಂತ ಹೇಳಿದ್ದು ಯಾವ ಆಯೋಗದ ಮುಂದೆಯೂ ನಿಲ್ಲೋದಿಲ್ಲ. ಇಮೇಲ್ ನಿಲ್ಲುತ್ತೆ.

ಹಾಗಾದ್ರೆ ಹಳೇ ಕಾರಿಗೆ ಬೆಲೆ ಕಟ್ಟೋರು ಯಾರು? ಮೊದಲು ಕಂಪನಿ, ನಷ್ಟ ಆದ ಮೇಲೆ. 2002ರಿಂದ ಕಂಪನಿ ಮತ್ತು ನೀವು, ನಷ್ಟ ಆಗೋ ಮೊದಲೇ. ಅಧಿಕಾರದ ಅರ್ಧ ನಿಮ್ಮ ಕೈಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಒಂದೂವರೆ ಲಕ್ಷ ಅಂದ್ರೆ ದೊಡ್ಡ ಊರಲ್ಲಿ ಸಣ್ಣ ಮೊತ್ತ ಇರಬಹುದು. ಆದ್ರೆ ಔರಾದ್‌ನ ಒಂದು ಹಳ್ಳಿಯಿಂದ ತಾಯಿಯನ್ನ ಬೀದರ್ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಇರೋ ಒಂದೇ ಕಾರು ಅದಾಗಿದ್ರೆ, ಅದರ ಬದಲು ಇನ್ನೊಂದು ಬರೋದೂ ಬಾರದಿರೋದೂ ಆ ಮೊತ್ತದ ಮೇಲೇ ನಿಂತಿರುತ್ತೆ.

ಈ ಸಂಚಿಕೆ ಮುಗಿದ ಮೇಲೆ ಒಂದು ಕೆಲಸ ಮಾಡಿ. ಮನೆ ಕಾರಿನ ಪಾಲಿಸಿ ತೆಗೆದು ಮೂರು ವಿಷಯ ನೋಡಿ: ಹೆಸರು ಯಾರದ್ದು, ಸ್ವಂತ ಗಾಡಿ ನಷ್ಟದ ವಿಮೆ ಇದೆಯಾ, ಐಡಿವಿ ಎಷ್ಟು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಹುಷಾರಾಗಿ ಓಡಿಸಿ.